ಹಳೆಯ ಪಟ್ಟಿಯ ಮೇಲಿನ ಬರಹ

ಶಿಷ್ಯ ಕೇಳಿದ: "ಗುರುಗಳೇ, ಒಳ್ಳೆಯದನ್ನೇ ಕೊಟ್ಟರೂ ಪಡೆದವನು ಮೂಕನಾದರೆ ತಪ್ಪು ಯಾರದು?"

"ಯಾರಿಗೆ ಏನು ಕೊಟ್ಟೆ?"

"ಬಸ್ಸು ಓಡಿಸುತ್ತಿದ್ದ ಯಮನೂರಪ್ಪನವರಿಗೆ. ನಿವೃತ್ತರಾಗಿ ಮಠಕ್ಕೆ ಬಂದು ಎರಡು ತಿಂಗಳಾಯಿತು. ಕಲಿಸು ಎಂದು ನೀವೇ ನನಗೆ ಒಪ್ಪಿಸಿದಿರಿ. ಹತ್ತು ವರ್ಷ ಕಲಿತದ್ದರ ಸಾರವನ್ನೇ ಆರಿಸಿ ಕೊಟ್ಟೆ. ಬಂದಾಗ ಏನೋ ಒಂದು ಪದ ಗುನುಗುತ್ತಿದ್ದರು. ಈಗ ಅದೂ ನಿಂತಿದೆ. ಪಾಠಕ್ಕೆ ಕೂತರೆ ಗೋಡೆ ನೋಡುತ್ತಾರೆ. ವಯಸ್ಸಾಯಿತು, ಇನ್ನು ತಲೆಗೆ ಹತ್ತುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಕಳಿಸಿಬಿಡುತ್ತೇನೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನು ನೇಯುವ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡರ ಉದ್ದೆಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವುದು ಅವನ ಮನೆತನದ ಕಸುಬು. ಎಳೆ ಒಂದು ಹೆಚ್ಚಿದರೂ ಕೂಡದು, ಒಂದು ಕಡಿಮೆಯಾದರೂ ಕೂಡದು. ಎಣಿಸದೆ ಅವನು ಯಾವುದನ್ನೂ ಜೋಡಿಸಿದವನಲ್ಲ.

ಒಬ್ಬ ಮುದುಕಿ ಅವನ ಬಳಿಗೆ ಸವೆದ ಸೆರಗಿನ ಚೂರೊಂದನ್ನು ತಂದಳು. ತೀರಿಹೋದ ಮಗಳ ಮದುವೆಯ ಸೀರೆಯದು. ಈಗ ಮೊಮ್ಮಗಳ ಮದುವೆ. ತಾಯಿ ಇಲ್ಲದಿದ್ದರೂ ತಾಯಿಯ ಸೆರಗು ಹುಡುಗಿಯ ಮೈಮೇಲೆ ಇರಬೇಕು ಎಂದಳು. ಅದೇ ಚಿತ್ತಾರದ ಹೊಸ ಸೆರಗು ನೇಯ್ದು ಕೊಡುತ್ತೇನೆ ಎಂದು ನೇಕಾರ ಮಾತು ಕೊಟ್ಟ.

ಯಾವ ಎಳೆ ಏಳಬೇಕು, ಯಾವುದು ತಗ್ಗಬೇಕು ಎಂದು ಅವನ ಮಗ್ಗಕ್ಕೆ ಹೇಳುತ್ತಿದ್ದದ್ದು ಒಂದು ಹಳೆಯ ಲ್ಯಾಪ್‌ಟಾಪ್. ಮಗ್ಗಕ್ಕೆ ಅದರ ಮಾತಲ್ಲದೆ ಬೇರೆಯದರ ಮಾತು ತಿಳಿಯುತ್ತಿರಲಿಲ್ಲ. ಚೂರಿನ ಚಿತ್ತಾರವನ್ನು ಅದಕ್ಕೆ ತುಂಬಿದ. ಚಿತ್ತಾರ ದಟ್ಟವಾಗಿತ್ತು. ಸೆರಗು ಅರ್ಧಕ್ಕೆ ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿತು. ಒಂದು ಗೆರೆ ಹೇಳುತ್ತದೆ, ನಿಲ್ಲುತ್ತದೆ. ಮದುವೆಗೆ ಒಂಬತ್ತು ದಿನ ಉಳಿದಿತ್ತು. ಈ ನಡಿಗೆಗೆ ಹದಿನೈದು ದಿನ ಬೇಕು.

ತಿಳಿದವರು ಹೇಳಿದರು: "ರ‍್ಯಾಮ್ ಸಾಲದು, ಹೆಚ್ಚಿಗೆ ಹಾಕಿಸು."

ನೇಕಾರ ತಾನೇ ಹಿಂಬದಿಯ ಮುಚ್ಚಳ ಬಿಚ್ಚಿದ. ಒಳಗೆ ಎರಡು ಗೂಡು. ಒಂದು ಖಾಲಿ. ಇನ್ನೊಂದರಲ್ಲಿ ರ‍್ಯಾಮಿನ ಬೆರಳುದ್ದದ ಹಸಿರು ಪಟ್ಟಿ. ಹಳೆ ನೂಲು, ಹೊಸ ನೂಲು ಒಂದೇ ಹಾಸಿನಲ್ಲಿ ಬೆರೆಯಬಾರದು ಎಂಬುದು ಮಗ್ಗದ ನೇಮ. ಆ ನೇಮದಂತೆಯೇ ಹಳೆಯ ಪಟ್ಟಿಯನ್ನು ಕಿತ್ತು, ತಿರುಗಿಸಿಯೂ ನೋಡದೆ, ನೂಲಿನ ಕಸದ ಬುಟ್ಟಿಗೆ ಎಸೆದ. ಪೇಟೆಗೆ ಹೋದ.

"ಯಾವ ಲ್ಯಾಪ್‌ಟಾಪಿಗೆ ಅಣ್ಣಾ?" ಎಂದು ಅಂಗಡಿಯವನು ಕೇಳಿದ.

"ಹಳೆಯದಕ್ಕೆ. ಇರುವುದರಲ್ಲಿ ದೊಡ್ಡದು ಕೊಡು, ವೇಗದ್ದು ಕೊಡು."

ಮನೆಗೆ ತಂದದ್ದು ಗೂಡಿನಲ್ಲಿ ಕೂರಲಿಲ್ಲ. ಪಟ್ಟಿಯ ಅಂಚಿನ ಕಚ್ಚು ಒಂದು ಕಡೆ, ಗೂಡಿನ ಉಬ್ಬು ಇನ್ನೊಂದು ಕಡೆ. ಅವನ ಹೆಬ್ಬೆರಳು ಒತ್ತಲು ಹೋಗಿ ತಡೆದು ನಿಂತಿತು. ಮರುದಿನ ಮತ್ತೆ ಪೇಟೆಗೆ ಹೋಗಿ, ಕಚ್ಚು ಕೂಡುವಂಥ ಎರಡನ್ನು ಬದಲಿಸಿ ತಂದ. ಇವೂ ಇದ್ದುದರಲ್ಲಿ ದೊಡ್ಡವೇ. ಎರಡೂ ಟಕ್ಕೆಂದು ಕೂತವು. ಅವನಿಗೆ ಹೋದ ಜೀವ ಬಂದಂತಾಯಿತು. ಗುಂಡಿ ಒತ್ತಿದ. ಒಳಗೆ ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆ ಕಪ್ಪಾಗಿಯೇ ಉಳಿಯಿತು. ಏಳು ಸಲ ಒತ್ತಿದ. ಏಳು ಸಲವೂ ಅಷ್ಟೇ. ಮೊದಲು ಕುಂಟುತ್ತಿದ್ದದ್ದು ಈಗ ಸತ್ತಂತಿತ್ತು.

ಆರು ದಿನ ಉಳಿದಾಗ ಮುದುಕಿ ಬಂದಳು.

"ಸೆರಗು ಎಲ್ಲಿಗೆ ಬಂತಪ್ಪಾ?"

"ನಡೀತಾ ಇದೆ ಅಜ್ಜಿ."

"ಮಗ್ಗದ ಸದ್ದೇ ಇಲ್ಲವಲ್ಲೋ."

ನೇಕಾರ ಲ್ಯಾಪ್‌ಟಾಪಿಗೆ ಅಡ್ಡವಾಗಿ ನಿಂತ. ಮುದುಕಿ ಮಗ್ಗದ ಬಳಿಗೆ ಹೋಗಿ, ಆಗಿರುವ ಅರ್ಧ ಸೆರಗನ್ನು ಅಂಗೈಯಿಂದ ಸವರಿದಳು. ಇನ್ನೇನೂ ಕೇಳದೆ ಹೊರಟುಹೋದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅವಳು ತಿರುವಿನಲ್ಲಿ ಮರೆಯಾದದ್ದೇ ತಡ, ಅವನು ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಾಲ್ಲೂಕಿನ ಬಸ್‌ ನಿಲ್ದಾಣದ ಪಕ್ಕ ರಿಪೇರಿ ಮಾಡುವ ಹೆಂಗಸಿನ ಮುಂದೆ ಇಟ್ಟ. "ಇದು ದಡ್ಡ ಯಂತ್ರ ಅಕ್ಕಾ. ಇಷ್ಟು ಒಳ್ಳೆಯದನ್ನು ಹಾಕಿದರೂ ಕಣ್ಣು ಬಿಡುತ್ತಿಲ್ಲ" ಎಂದ.

ಅವಳು ಹೊಸ ಪಟ್ಟಿಗಳನ್ನು ನೋಡಿದಳು. ಯಂತ್ರವನ್ನು ಮಗುಚಿ ನೋಡಿದಳು. ತಳದ ಚೀಟಿ ಸವೆದುಹೋಗಿತ್ತು.

"ಹಳೆಯದರ ಮೇಲೆ ಏನು ಬರೆದಿತ್ತು?"

ನೇಕಾರನಿಗೆ ಗೊತ್ತಿರಲಿಲ್ಲ.

"ಕಚ್ಚು ಕೂಡಿದರೆ ಆಯಿತೇ? ಇದೇ ಕಚ್ಚಿನಲ್ಲಿ ಕಡಿಮೆ ವೋಲ್ಟೇಜಿನವೂ ಇವೆ, ಹೆಚ್ಚಿನವೂ ಇವೆ. ಬಾಯಿ ಒಂದೇ, ಹಸಿವು ಬೇರೆ. ಎಷ್ಟು ದೊಡ್ಡದನ್ನು ಈ ಯಂತ್ರ ತಾಳುತ್ತದೆ ಎಂಬುದೂ ಗೊತ್ತಾಗಬೇಕು. ಅಂದಾಜಿನ ಮೇಲೆ ನಾನು ಹಾಕುವುದಿಲ್ಲ. ಹಳೆಯದನ್ನು ತನ್ನಿ."

ನೇಕಾರ ಬಸ್ಸಿನಲ್ಲಿ ಕೂರಲಾರದೆ ನಿಂತೇ ಬಂದ. ಸಾವಿರಾರು ಎಳೆ ಎಣಿಸುವ ಕೈ ಇದು, ಒಂದು ಪಟ್ಟಿಯನ್ನು ಮಗುಚಿ ನೋಡಲಿಲ್ಲ. ಮನೆಗೆ ಬಂದವನು ಬುಟ್ಟಿಯ ಕಡೆಗೆ ಓಡಿದ. ಬುಟ್ಟಿ ಖಾಲಿ. ಚಿಂದಿ ಆಯುವವಳು ಬೆಳಿಗ್ಗೆಯೇ ಒಯ್ದಿದ್ದಳು. ಮಗ್ಗದ ಕುಳಿಯಲ್ಲಿ ಕೈಯಾಡಿಸಿದ. ಕಿಟಕಿಯ ಮೇಲೆ, ದೇವರ ಗೂಡಿನಲ್ಲಿ, ಚಾಪೆಯ ಅಡಿಯಲ್ಲಿ ಹುಡುಕಿದ. ಸಿಗಲಿಲ್ಲ. ಅರ್ಧ ಸೆರಗಿನ ಮುಂದೆ ಕುಸಿದು ಕೂತ.

ಅವನ ಹೆಂಡತಿ ಮೂಲೆಯಲ್ಲಿ ಕೊಂಡಿ ಹಾಕಿ ಮಿಕ್ಕ ಕೆಂಪು ರೇಷ್ಮೆಯನ್ನು ಸುತ್ತುತ್ತಿದ್ದಳು. ಸುತ್ತಿದ ರೇಷ್ಮೆಯ ತುದಿಯಲ್ಲಿ ಹಸಿರು ಅಂಚೊಂದು ಇಣುಕುತ್ತಿತ್ತು.

"ಏನದು ನಿನ್ನ ಕೈಯಲ್ಲಿ?"

"ಬುಟ್ಟಿಯಲ್ಲಿ ಬಿದ್ದಿತ್ತು. ಕೆಲಸಕ್ಕೆ ಬಾರದ್ದು ಅಂತ ನೀವು ತಾನೆ ಎಸೆದಿದ್ದು? ನನಗೆ ಕೆಲಸಕ್ಕೆ ಬಂತು."

ಅವನು ನಗಲೂ ಆಗದೆ ಕೈ ಚಾಚಿದ. ಅವಳು ಕೊಡಲಿಲ್ಲ. ಅವಸರದ ಕೈಗೆ ರೇಷ್ಮೆ ಸಿಕ್ಕಾಗುತ್ತದೆ ಎಂದು ತಾನೇ ಎಳೆ ಬಿಚ್ಚಿದಳು. ಕೊನೆಯ ಸುತ್ತು ಕಳಚಿದಾಗ ಕೆಳಗೆ ಬಿಳಿ ಚೀಟಿ ಕಂಡಿತು. ಅಕ್ಷರಗಳು ಮಾಸಿರಲಿಲ್ಲ.

ರಿಪೇರಿಯ ಹೆಂಗಸು ಅದನ್ನು ಎರಡು ಸಲ ಓದಿದಳು. ಕಡಿಮೆ ವೋಲ್ಟೇಜಿನದು ಎಂದಳು. ರಬ್ಬರಿನಿಂದ ಅಂಚನ್ನು ಉಜ್ಜಿ, ಅದೇ ಪಟ್ಟಿಯನ್ನು ಅದರ ಗೂಡಿನಲ್ಲೇ ಕೂರಿಸಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ಯಂತ್ರದ ಹೆಸರು, ಅದು ತಾಳುವ ಅಳತೆ, ಎರಡೂ ಅಲ್ಲಿ ಕಂಡವು. ಆಮೇಲೆ ಪಕ್ಕದ ಖಾಲಿ ಗೂಡಿಗೆ ಅದೇ ಗುರುತಿನ ಇನ್ನೊಂದು ಪಟ್ಟಿಯನ್ನು ಹಾಕಿದಳು. ಅದರ ಸಾಮರ್ಥ್ಯ ನೇಕಾರ ತಂದ ದೊಡ್ಡ ಪಟ್ಟಿಯ ಅರ್ಧದಷ್ಟಿತ್ತು. ಯಂತ್ರ ಮತ್ತೆ ಕಣ್ಣು ಬಿಟ್ಟಿತು. ಚಿತ್ತಾರ ತಡೆಯಿಲ್ಲದೆ ಬಿಚ್ಚಿಕೊಂಡಿತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಸೆರಗಿನ ಕೊನೆಯ ಗೆರೆ ಬಿತ್ತು. ಮುದುಕಿ ಹಳೆಯ ಚೂರನ್ನು ಹೊಸ ಸೆರಗಿನ ಮೇಲಿಟ್ಟು, ಹೂವಿಗೆ ಹೂ ಕೂಡಿಸಿ ನೋಡಿ, ಎರಡನ್ನೂ ಸೇರಿಸಿಯೇ ಮಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬೇಗನೆ ಹೇಳಿದ: "ತಿಳಿಯಿತು ಗುರುಗಳೇ. ನಾನು ಕೊಟ್ಟದ್ದು ದೊಡ್ಡದಾಯಿತು. ನಾಳೆಯಿಂದ ಚಿಕ್ಕದನ್ನು ಆರಿಸಿ ಕೊಡುತ್ತೇನೆ."

ಗುರುಗಳು ಕೇಳಿದರು: "ಯಮನೂರಪ್ಪ ಬಂದ ದಿನ ಗುನುಗುತ್ತಿದ್ದ ಪದ ಯಾವುದು?"

ಶಿಷ್ಯನಿಗೆ ಗೊತ್ತಿರಲಿಲ್ಲ.