ಸಂಕವ್ವನ ಹೊಂಡ

ಮದಗಟ್ಟಿಯ ಕೆಂಪು ಗುಡ್ಡದ ಬುಡದಲ್ಲಿ ಒಂದು ಹೊಂಡವಿದೆ. ಒರತೆಯ ಬಾಯಲ್ಲಿ ತಿಳಿಯಾಗಿರುವ ನೀರು, ಗಾಳಿ ಬಿಸಿಲು ತಗಲಿದ್ದೇ ತಡ, ಕಾಲುವೆಯುದ್ದಕ್ಕೂ ತುಕ್ಕಿನ ಕೆಸರು ಬಿಡುತ್ತ ಹೊಂಡಕ್ಕೆ ಇಳಿಯುತ್ತದೆ. ದನಗಳು ಕೂಡ ಅದಕ್ಕೆ ಬಾಯಿ ಹಾಕುವುದಿಲ್ಲ. ಅದನ್ನು ಸಂಕವ್ವನ ಹೊಂಡ ಎನ್ನುತ್ತಾರೆ. ವಿಚಿತ್ರವೆಂದರೆ ಅದನ್ನು ತೋಡಿಸಿದವಳು ಸಂಕವ್ವನಲ್ಲ, ಆ ನೆಲವೂ ಅವಳದಲ್ಲ.

ಹಿಂದೆ ಈ ಊರು ಬಣ್ಣಗಾರರದಾಗಿತ್ತು. ಸಂಕವ್ವ ಅದ್ದಿದ ಕೆಂಪು ಸೀರೆಗೆ ಸುತ್ತಲೆಲ್ಲ ಹೆಸರಿತ್ತು. ಓರಗಿತ್ತಿ ಪಾರವ್ವನಿಗೆ ಆ ಕೆಲಸ ಕಲಿಸಿದವಳೂ ಅವಳೇ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ಕಷಾಯದಲ್ಲಿ ನೆನೆಸಿ ಒಣಗಿಸಬೇಕು, ಆಮೇಲೆ ಪಟಕದ ನೀರು, ಕೊನೆಗೆ ಕೆಂಪು ಕೊಡುವ ಮಂಜಿಷ್ಠದ ಬೇರು. ಆದರೆ ಪಾರವ್ವ ಗುಡ್ಡದ ಬುಡದ ತನ್ನ ಹಿತ್ತಿಲಲ್ಲಿ ಹೊಂಡ ತೋಡಿಸಿದಳು ನೋಡಿ, ಅದರ ಮೆದು ನೀರಿಗೆ ಅವಳ ಕೆಂಪು ಕೆಂಡದಂತೆ ಹೊಳೆಯತೊಡಗಿತು. ವ್ಯಾಪಾರಿಗಳು ಸಂಕವ್ವನ ಹೊಸ್ತಿಲ ಮುಂದೆಯೇ ಹಾದು ಅತ್ತ ನಡೆದರು. ಒಬ್ಬನಂತೂ ಅವಳ ಸೀರೆಯನ್ನು ಬೆಳಕಿಗೆ ಹಿಡಿದು, ಇದು ಪಾರವ್ವನ ಕೆಂಪಿನಂತಿಲ್ಲ ಎಂದು ಮಡಿಚಿಟ್ಟ. ಅಂದಿನಿಂದ ಸಂಕವ್ವನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ತಾನು ಕಲಿಸಿದ ಕೈ ತನ್ನನ್ನೇ ಮೀರಿಸಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ಗುಡ್ಡದ ಒರತೆಯಲ್ಲಿ ಕಬ್ಬಿಣವಿದೆ, ಅದು ಸೋಕಿದರೆ ಕೆಂಪು ಕೆಡುತ್ತದೆ ಎಂಬುದು ಬಣ್ಣಗಾರರ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಊರೆಲ್ಲ ಮದುವೆ ಊಟಕ್ಕೆ ಹೋದ ಮಧ್ಯಾಹ್ನ ಸಂಕವ್ವ ಗುದ್ದಲಿ ಹಿಡಿದು, ಆ ಒರತೆಯಿಂದ ಪಾರವ್ವನ ಹೊಂಡದವರೆಗೆ ಕಾಲುವೆ ಕಡಿದಳು. ಇದನ್ನರಿಯದ ಪಾರವ್ವ ಮರುದಿನ ನಸುಕಿನಲ್ಲೇ ಅಳಲೆಯಲ್ಲಿ ನೆನೆದು ಒಣಗಿದ ಬಟ್ಟೆಗಳನ್ನು ಹೊಂಡದಲ್ಲಿ ಜಾಲಿಸಿದರೆ, ಅಳಲೆಗೆ ಕಬ್ಬಿಣ ಸೇರಿ ಎಲ್ಲವೂ ಕಪ್ಪಾದವು. ಸಂಕವ್ವ ಸಮಾಧಾನ ಹೇಳುವ ನೆಪದಲ್ಲಿ ಹೋಗಿ ಕಣ್ತುಂಬ ನೋಡಿ ಬಂದಳು. ಆ ರಾತ್ರಿ ಹೊಟ್ಟೆ ತುಂಬ ಉಂಡಳು ಎನ್ನುತ್ತಾರೆ.

ಆದರೆ ಆ ಕಪ್ಪು ಎಷ್ಟು ಒಗೆದರೂ ಬಿಡಲಿಲ್ಲ. ಪಾರವ್ವ ಮನೆಯಲ್ಲಿ ಉಳಿದಿದ್ದ ಕೆಂಪು ಅಂಚುಗಳನ್ನು ಆ ಕಪ್ಪು ಬಟ್ಟೆಗಳಿಗೆ ಹೊಲಿದಳು. ಹೆಂಗಸರು ಮುಗಿಬಿದ್ದು ಕೊಂಡರು; ಪಾರವ್ವ ಅದೇ ನೀರಲ್ಲಿ ಇನ್ನಷ್ಟು ಅದ್ದತೊಡಗಿದಳು. ಸಂಕವ್ವನ ಕೆಂಪನ್ನು ಕೇಳುವವರೇ ಇಲ್ಲವಾದರು. ತಡೆಯಲಾರದೆ ಅವಳು ತಾನು ಕಡಿದ ಕಾಲುವೆಯನ್ನು ತಾನೇ ಮುಚ್ಚಲು ಹೋದಳು. ಮಣ್ಣು ಎಳೆಯುತ್ತಿದ್ದಾಗ ಪಾರವ್ವ ಎದುರು ನಿಂತಿದ್ದಳು. ಕಾಲುವೆ ಕಡಿದವರು ಯಾರೆಂದು ಅವಳಿಗೆ ಆಗ ತಿಳಿದುಹೋಯಿತು.

“ಮುಚ್ಚಬ್ಯಾಡಕ್ಕಾ,” ಎಂದಳು. “ಕೆಂಪು ಕಲಿಸಿದಾಕಿನೂ ನೀನ, ಕಪ್ಪು ಕೊಟ್ಟಾಕಿನೂ ನೀನ. ಈ ಹೊಂಡಕ್ಕ ನಿನ್ನ ಹೆಸರ ಇಡತೇನಿ.”

ಅದು ಸಿಟ್ಟೋ ಪ್ರೀತಿಯೋ ಹಿರಿಯರು ಹೇಳುವುದಿಲ್ಲ. ಬೈದಿದ್ದರೆ ಸಂಕವ್ವ ತಿರುಗಿ ಬೈಯುತ್ತಿದ್ದಳು; ಈ ಮಾತಿಗೆ ಮಣ್ಣನ್ನು ಅರ್ಧಕ್ಕೇ ಬಿಟ್ಟು ಮನೆಗೆ ನಡೆದಳು. ಸಾಯುವವರೆಗೂ ಅವಳು ತನ್ನ ಹೊಸ್ತಿಲಲ್ಲಿ ಕೂತು, ವ್ಯಾಪಾರಿಗಳು ಪಾರವ್ವನ ಮನೆಗೆ ಹೋಗಲು ತನ್ನ ಹೆಸರು ಹೇಳಿ ದಾರಿ ಕೇಳುವುದನ್ನು ಕೇಳಬೇಕಾಯಿತು.

ಈಗ ಬಣ್ಣಗಾರರಿಲ್ಲ. ನೋಡಲು ಬಂದವರು ಅಳಲೆಯಲ್ಲಿ ನೆನೆಸಿದ ಬಟ್ಟೆಚೂರು ಅದ್ದಿದರೆ ಇಂದಿಗೂ ಕಪ್ಪಾಗುತ್ತದೆ. ಕಾಲುವೆಯ ನಡುವೆ ಅವಳು ಅರ್ಧಕ್ಕೇ ಬಿಟ್ಟ ಮಣ್ಣಿನ ಗುಡ್ಡೆ ತುಕ್ಕು ಕುಡಿದು ಕಲ್ಲಾಗಿದೆ. ನೀರು ಅದನ್ನು ಬಳಸಿಕೊಂಡು ಹೊಂಡಕ್ಕೆ ಹೋಗುತ್ತದೆ.