ತೊಟ್ಟಿಲುಗಳ್ಳಿ ಗುಡ್ಡ

ಮಸಿಗಲ್ಲು ಊರಿನ ಮೂಡಣಕ್ಕೆ ಒಂದು ಬೋಳು ಗುಡ್ಡವಿದೆ. ನೆತ್ತಿಯ ಮೇಲೆ ಎದುರುಬದುರು ನಿಂತ ಎರಡು ಹೆಬ್ಬಂಡೆಗಳು. ಗುಡಿಯಿಲ್ಲ, ಕುಂಕುಮ ಕಂಡ ಒಂದು ಕಲ್ಲೂ ಇಲ್ಲ. ಆದರೂ ಹತ್ತುವವರು ಬುಡದಲ್ಲೇ ಚಪ್ಪಲಿ ಬಿಡಬೇಕು. ದೇವರೇ ಇಲ್ಲದ ಕಡೆ ಇದೆಂಥ ಮಡಿ ಎಂದು ಪರಸ್ಥಳದವರು ನಗುವುದುಂಟು. ನಗಲಿ, ಅಂಗಾಲು ಸುಟ್ಟುಕೊಂಡೇ ನಗಲಿ. ಮಧ್ಯಾಹ್ನ ಆ ಬಂಡೆಗಳ ನಡುವೆ ಗಾಳಿ ಸುಳಿದಾಗ ಯಾರೋ ತುಟಿ ಬಿಚ್ಚದೆ ಹಾಡಿದಂತೆ ಕೇಳುತ್ತದೆ. ಕೂತವರಿಗೆ ತೂಕಡಿಕೆ ಬರುತ್ತದೆ.

ಹಿಂದೆ ಒಮ್ಮೆ, ಪಾಳೆಯಗಾರ ಕೆಂಚಪ್ಪ ನಾಯಕನ ಕಾಲದಲ್ಲಿ, ಇಲ್ಲಿ ಕಳ್ಳರದೇ ಒಂದು ಕೂಟವಿತ್ತು ಎನ್ನುತ್ತಾರೆ. ಅವರು ಕತ್ತಲಿಗೆ ಕಾಯುತ್ತಿರಲಿಲ್ಲ. ಊರೆಲ್ಲ ಉಂಡು ಅಡ್ಡಾಗುವ ನಡುಹಗಲಲ್ಲಿ, ತಮ್ಮ ನೆರಳನ್ನೇ ಕಂಬಳಿಯಂತೆ ಹೊದ್ದು, ಯಾರ ಕಣ್ಣಿಗೂ ಬೀಳದೆ ನಡೆಯುವ ವಿದ್ಯೆ ಅವರಿಗೆ ಒಲಿದಿತ್ತಂತೆ. ಅದಕ್ಕೊಂದು ಕಟ್ಟಳೆ: ಕದಿಯುವಾಗ ಮನೆಯ ಕೂಸು ಎದ್ದರೆ ಮಲಗಿಸಿಯೇ ಹೊರಡಬೇಕು. ಅಳುವ ಕೂಸನ್ನು ಬಿಟ್ಟು ಬಂದವರ ಮಾತನ್ನು ನೆರಳು ಮತ್ತೆ ಕೇಳದು.

ಈ ಗುಟ್ಟು ನಾಯಕನ ಕಿವಿಗೆ ಬಿತ್ತು. ಅವನ ಮಗಳದು ಹುಟ್ಟಿದಂದಿನಿಂದ ಕೋಳಿನಿದ್ದೆ. ಎಲೆ ಅಲುಗಿದರೆ ಎದ್ದು ಅಳುವುದು, ಮತ್ತೆ ಮಲಗದು. ಅವಳ ತೊಟ್ಟಿಲನ್ನು ಭಂಡಾರದ ಬಾಗಿಲಲ್ಲೇ ಕಟ್ಟಿಸಿದ. ಕಳ್ಳರು ಬಂದರು, ಕೂಸು ಅತ್ತಿತು, ಅವರು ತೂಗುತ್ತ ನಿಂತರು. ಕಾವಲಿನವರು ತಮ್ಮ ನಿದ್ದೆ ಮುಗಿಸಿ ಬಂದು ನಿಧಾನವಾಗಿ ಹಿಡಿದರು. ಕೂಟಕ್ಕೆ ಕೂಟವೇ ಸೆರೆಮನೆ ಸೇರಿತು. ಹೊರಗುಳಿದವಳು ದುರುಗಿ ಒಬ್ಬಳೇ. ಅವಳ ಗಂಡ ಬೋರನ ಕೈಗಳನ್ನು ಮರುದಿನ ಸಂತೆಯಲ್ಲಿ ಕಡಿಯುವುದೆಂದು ಡಂಗುರ ಹೊಡೆಸಿದ್ದರು. ಹೆತ್ತ ಕೂಸನ್ನೇ ಗಾಳಕ್ಕೆ ಸಿಕ್ಕಿಸಿದ ಆ ನಾಯಕನನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಸೆರೆಮನೆಯ ಬೀಗದ ಕೈಯನ್ನೂ ತೊಟ್ಟಿಲ ಸರಪಳಿಗೇ ಕಟ್ಟಿದ್ದರು. ದುರುಗಿ ನೆರಳು ಹೊದ್ದು ಬಂದು ಅದನ್ನು ಮುಟ್ಟಿದ್ದೇ ತಡ, ಕೂಸು ಕಿರುಚಿತು. ಕಾವಲಿನವರು ಇದು ದಿನದ ಗೋಳೆಂದು ಮಗ್ಗುಲು ಬದಲಿಸಿದರು. ಎಷ್ಟು ತೂಗಿದರೂ ಅಳು ನಿಲ್ಲಲಿಲ್ಲ. ಮಲಗಿಸು ಎಂದಿತ್ತೇ ಹೊರತು ಎಲ್ಲಿ ಎಂದು ಕಟ್ಟಳೆ ಹೇಳಿರಲಿಲ್ಲ. ದುರುಗಿ ಸರಪಳಿ ಸಮೇತ ತೊಟ್ಟಿಲನ್ನೇ ಬಿಚ್ಚಿ, ನೆರಳನ್ನು ಕೂಸಿನ ಮೇಲೂ ಹೊದಿಸಿ, ಈ ಗುಡ್ಡ ಹತ್ತಿದಳು. ಬಂಡೆಗಳ ನಡುವೆ ತೊಟ್ಟಿಲು ಕಟ್ಟಿದಳು. ಗಾಳಿ ತೂಗಿತು. ಕೂಸು ಮೊದಲ ಬಾರಿಗೆ ಗಾಢವಾಗಿ ಮಲಗಿತು.

ಬೀಗದ ಕೈ ಮಡಿಲಲ್ಲಿತ್ತು, ಸೆರೆಮನೆ ಕೆಳಗೇ ಕಾಣುತ್ತಿತ್ತು. ಇಳಿದರೆ ಬೋರನ ಕೈ ಉಳಿಯುತ್ತಿತ್ತು. ಆದರೆ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಪಾಪ, ದುರುಗಿ ಅಳುತ್ತ ಅಲ್ಲೇ ಕೂತಳು. ನಾಯಕ ದಂಡು ಕಟ್ಟಿಕೊಂಡು ಬಂದಾಗಲೂ ಏಳಲಿಲ್ಲ.

“ಕೀಲಿ ಕೈಲಿದ್ರೂ ಯಾಕೆ ಓಡ್ಲಿಲ್ಲ?” ಎಂದ ನಾಯಕ.

“ಕೂಸು ಈಗ ಕಣ್ಣು ಮುಚ್ಚೈತೆ ದೊರೆ, ಮೆಲ್ಲಗೆ ಮಾತಾಡಿ.”

ಮಗಳ ನಿದ್ದೆಯನ್ನು ಅವನು ಅದುವರೆಗೆ ಕಂಡಿರಲಿಲ್ಲ. ಬಗ್ಗಿ ತನ್ನ ಕೆರ ಕಳಚಿದ. ದಂಡಿನವರೆಲ್ಲ ಕಳಚಿ ಕೈಯಲ್ಲಿ ಹಿಡಿದರು. “ಎದ್ದ ಮೇಲೆ ಎತ್ಕೊಂಡು ಬಾ. ಬೀಗ ನೀನೇ ತೆಗಿ,” ಎಂದು ಪಿಸುಗುಟ್ಟಿ ಬರಿಗಾಲಲ್ಲಿ ಇಳಿದುಹೋದ. ಸೆರೆಯಿಂದ ಹೊರಬಂದ ಬೋರನ ಕೈಗೆ ಮೊದಲು ಸಿಕ್ಕಿದ್ದು ಆ ಕೂಸೇ ಎನ್ನುತ್ತಾರೆ.

ಬಂಡೆಗಳ ಹೆಗಲ ಮೇಲೆ ಸರಪಳಿ ಉಜ್ಜಿದ ಗೆರೆಗಳನ್ನು ಈಗಲೂ ನೋಡಬಹುದು. ಮೊನ್ನೆ ಬೂಟು ಹಾಕಿಕೊಂಡೇ ಹತ್ತಹೊರಟ ಒಬ್ಬರನ್ನು ಬುಡದಲ್ಲಿ ಕಡಲೆಕಾಯಿ ಮಾರುವ ಸಣ್ಣೀರಮ್ಮ ತಡೆದಳು. ಮೇಲೆ ಯಾವ ದೇವರಮ್ಮ ಎಂದು ಅವರು ಕೇಳಿದರು.

“ದೇವ್ರಿಲ್ಲ ಸ್ವಾಮಿ,” ಎಂದಳು ಆಕೆ, ದನಿ ತಗ್ಗಿಸಿ. “ಕೂಸು ಮಲಗೈತೆ.”