ಮೂಳೆ ಕೊಟ್ಟ ಜಾಗ

ಲೋಕ ಹೊಸದಾಗಿತ್ತು. ಬೆಟ್ಟದ ಕಲ್ಲುಗಳ ಬಿಸಿ ಇನ್ನೂ ಆರಿರಲಿಲ್ಲ. ಆಗ ಮೈಯೊಳಗಿನವರೆಲ್ಲ ಮಾತಾಡುತ್ತಿದ್ದರು.

ಮೂಳೆಯದು ಸುಣ್ಣದ ಮನೆ. ಮನೆ ತುಂಬ ಪುಟ್ಟ ಪುಟ್ಟ ಗೂಡುಗಳು. ಬಾಗಿಲ ಮುಂದೆಯೇ ರಕ್ತ ಹೊಳೆಯಂತೆ ಹರಿಯುತ್ತಿತ್ತು. ಅದರಲ್ಲಿ ಯಾರು ತೇಲಿ ಬಂದರೂ ಮೂಳೆ ಕರೆಯುತ್ತಿತ್ತು: “ಬನ್ನಿ, ಕೂತ್ಕೊಳ್ಳಿ.”

ಸತು ಬಂತು, ಕೂತಿತು. ಸೀಸ ಬಂತು, ಕೂತಿತು. ಜ್ವರಕ್ಕೆ ಕುಡಿದ ಮದ್ದಿನ ಚೂರು ಬಂತು, ಅದೂ ಕೂತಿತು.

ಮೂತ್ರಪಿಂಡಕ್ಕೆ ಇದು ಹಿಡಿಸಲಿಲ್ಲ. “ಅಣ್ಣಾ, ಒಂದಿಷ್ಟು ಜನರನ್ನಾದ್ರೂ ನನ್ನ ಕಡೆ ಕಳಿಸು. ಹೊರಗೆ ಹಾಕ್ತೀನಿ.”

“ಬಂದವರನ್ನ ಏಳಿ ಅನ್ನೋ ಮನೆಯಲ್ಲ ನಮ್ದು,” ಅಂದಿತು ಮೂಳೆ.

ಆ ಮೂಳೆ ಇದ್ದದ್ದು ಮಾರಕ್ಕನ ಮೈಯಲ್ಲಿ. ಅವಳು ಮೂಳೆಯನ್ನು ಕೇಳಿದ್ದು ಒಂದೇ: “ಮುದುಕಿಯಾದ್ಮೇಲೂ ನೆಟ್ಟಗೆ ನಿಲ್ಲಿಸಪ್ಪ. ಮೊಮ್ಮಕ್ಕಳನ್ನ ಎತ್ತಿ ಆಡಿಸಬೇಕು.”

“ಆಯ್ತವ್ವ.”

ಕೆರೆ ದೂರವಿತ್ತು. ಮಾರಕ್ಕ ಹಿತ್ತಲಲ್ಲೇ ಬಾವಿ ತೋಡಿದಳು. ಮಣ್ಣು ಮುಗಿದರೂ ನಿಲ್ಲಿಸದೆ ಕಲ್ಲನ್ನೂ ಒಡೆದಳು.

ಗಾಳಿ ಇಣುಕಿ ನೋಡಿತು. “ಅಷ್ಟು ಆಳ ಯಾಕವ್ವ? ಅಲ್ಲಿ ಯಾರು ಮಲಗಿದ್ದಾರೋ!”

“ನಿಂಗೇನು? ಕೊಡ ಹೊರೋಳು ನಾನು.”

ಕಲ್ಲಿನಲ್ಲಿ ಮಲಗಿದ್ದವನು ಫ್ಲೋರೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ಅವನು ನೀರಿನೊಂದಿಗೆ ಎದ್ದ, ಮಾರಕ್ಕನ ಗಂಟಲಿಳಿದ, ರಕ್ತದಲ್ಲಿ ತೇಲಿ ಮೂಳೆಯ ಬಾಗಿಲಿಗೆ ಬಂದ.

“ಜಾಗ ಇದೆಯಾ?”

“ಇಲ್ಲ ಅಂದಿದ್ದೇ ಇಲ್ಲ. ಬಾ, ಕೂತ್ಕೋ.”

ಗೂಡು ಅವನಿಗೆ ಅಳತೆ ತೆಗೆದು ಮಾಡಿಸಿದಂತಿತ್ತು. “ನಾನಿದ್ರೆ ನೀನು ಗಟ್ಟಿಯಾಗ್ತೀಯ,” ಅಂದ. ಮೂಳೆಗೆ ಖುಷಿಯಾಯಿತು.

ಪ್ರತಿ ಕೊಡದಲ್ಲೂ ಅವನ ಬಳಗ ಬಂತು. ಮೂತ್ರಪಿಂಡ ಕೂಗಿ ಕೂಗಿ ಸೋತಿತು. ಮೂಳೆ ದಪ್ಪವಾಯಿತು. ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡವು.

ಮೊಮ್ಮಗಳು ಈರಿ ಹುಟ್ಟಿದಳು, ಅಂಬೆಗಾಲಿಟ್ಟಳು. ಒಂದು ದಿನ ಮಾರಕ್ಕನ ಕಾಲ ಬಳಿ ಬಂದು ಎರಡೂ ಕೈ ಚಾಚಿದಳು.

ಮಾರಕ್ಕ ಬಗ್ಗಲು ಹೋದಳು. ಆಗಲಿಲ್ಲ.

“ಬಗ್ಗಪ್ಪಾ, ಮಗು ಕರೀತಿದೆ!”

“ನೆಟ್ಟಗೆ ನಿಲ್ಲಿಸು ಅಂದಿದ್ದೆ. ನಿಲ್ಲಿಸಿದ್ದೀನಲ್ಲ,” ಅಂದಿತು ಮೂಳೆ.

“ಒಳಗೆ ಕೂರಿಸ್ಕೊಂಡಿದ್ದೀಯಲ್ಲ, ಅವನನ್ನ ಕಳಿಸು!”

ಮೂಳೆ ಫ್ಲೋರೈಡಿನ ಕಡೆ ತಿರುಗಿತು. “ಸ್ವಲ್ಪ ಏಳ್ತೀಯಾ?”

“ಕೂರಿಸಿದ್ದು ನೀನೇ ತಾನೇ?” ಅಂದ ಅವನು. ಏಳಲಿಲ್ಲ.

ಮೂಳೆಗೆ ಕೂರಿಸುವುದು ಗೊತ್ತಿತ್ತು. ಎಬ್ಬಿಸುವುದನ್ನು ಅದು ಕಲಿತೇ ಇರಲಿಲ್ಲ.

ಈರಿ ಅತ್ತಳು. ಚಾಚಿದ ಕೈ ನೋವು ಬಂದಾಗ ಇಳಿಸಿದಳು.

ಅದಕ್ಕೇ ಕಂದಾ, ಈ ನೀರು ಕುಡಿಯಬೇಡಿ ಅಂತ ಕೆಂಪು ಬಣ್ಣ ಬಳಿದ ಬೋರ್‌ವೆಲ್ ಇರುವ ನಮ್ಮೂರಲ್ಲಿ ಅಜ್ಜಿ ನಿನ್ನನ್ನು ಎತ್ತಿಕೊಳ್ಳಲು ಬಗ್ಗುವುದಿಲ್ಲ. ನೀನೇ ಜಗಲಿ ಹತ್ತಿ ಅವಳ ಕುತ್ತಿಗೆಗೆ ಜೋತುಬೀಳಬೇಕು.